ಎಲ್ಲರ ತಾಯಿ, ಆದರೆ ಕತೆಯಲ್ಲೇ ಇಲ್ಲ!

ಪ್ರಶ್ನೆ: ವೇಲ್ಸ್ ಪುರಾಣದಲ್ಲಿ ಡೋನ್ ಅನ್ನುವವಳು ದೇವತೆಗಳ ಮೂಲತಾಯಿ ಅಂತ ಕೇಳಿ ಮಬಿನೋಗಿ ಅನ್ನುವ ಅಲ್ಲಿನ ನಾಲ್ಕು ಹಳೆಯ ಕತೆಗಳನ್ನು ಓದಿದೆ. ಆಕೆ ಎಲ್ಲೂ ಸಿಗಲಿಲ್ಲ. ನಮ್ಮ ದಾನವರ ತಾಯಿ ದನುವೇ ಈಕೆ ಅನ್ನುತ್ತಾರೆ, ಹೌದಾ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಸರಿಯಾಗೇ ಓದಿದ್ದೀರಿ. ಡೋನ್ ಒಂದು ಸಲವೂ ಕಾಣಿಸಿಕೊಳ್ಳುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಗಲಾಟೆ ಎಲ್ಲ ಮಕ್ಕಳದ್ದೇ. ನಾಲ್ಕನೇ ಕತೆಯ ತುಂಬ ಡೋನ್ ಮಗ ಗ್ವಿದಿಯನ್, ಡೋನ್ ಮಗ ಗಿಲ್ವೈಥ್ವಿ, ಡೋನ್ ಮಗಳು ಅರಿಯಾನ್ರೋದ್. ಇವರ ಅಪ್ಪನ ಹೆಸರೇ ಅಲ್ಲಿಲ್ಲ. ಅರ್ಜುನನನ್ನು ಕೌಂತೇಯ ಅನ್ನುತ್ತೇವಲ್ಲ, ಹಾಗೆ. ಆದರೆ ಕುಂತಿಗೆ ದೊಡ್ಡ ಕತೆಯೇ ಇದೆ, ಪಾಪ ಡೋನ್‌ಗೆ ಒಂದು ಸಾಲೂ ಇಲ್ಲ.

ಅವಳು ಯಾರು ಅನ್ನುವುದೂ ಮಾತಿನ ನಡುವೆ ಸುಮ್ನೆ ಬಂದು ಹೋಗುತ್ತದೆ. ಗ್ವಿನೆದ್ ರಾಜ್ಯದ ದೊರೆ ಮಾಥ್, ಯುದ್ಧ ಇಲ್ಲದಾಗ ಕನ್ಯೆಯೊಬ್ಬಳ ಮಡಿಲಲ್ಲಿ ಕಾಲಿಟ್ಟುಕೊಂಡಿದ್ದರೆ ಮಾತ್ರ ಬದುಕುವವನು. ಆ ಹುಡುಗಿಯ ಮೇಲೆ ಗಿಲ್ವೈಥ್ವಿ ಅತ್ಯಾಚಾರ ಮಾಡುತ್ತಾನೆ. ಹೊಸಬಳು ಬೇಕಾದಾಗ ಗ್ವಿದಿಯನ್, ನಿನ್ನ ಒಡಹುಟ್ಟಿದ ಡೋನ್‌ಳ ಮಗಳು ಅರಿಯಾನ್ರೋದ್ ಇದ್ದಾಳಲ್ಲ ಅನ್ನುತ್ತಾನೆ. ಕನ್ಯೆ ಹೌದೋ ಅಲ್ಲವೋ ನೋಡಲು ಮಾಥ್ ತನ್ನ ಮಂತ್ರದಂಡ ದಾಟಿಸುತ್ತಾನೆ. ದಾಟಿದ್ದೇ ತಡ, ಹೊಂಬಣ್ಣದ ಕೂದಲಿನ ಗಂಡುಮಗು ಕೆಳಗೆ ಬೀಳುತ್ತದೆ! ಅವಳು ನಾಚಿ ಬಾಗಿಲಿಗೆ ಓಡುವಾಗ ಇನ್ನೇನೋ ಸಣ್ಣದೊಂದು ಬೀಳುತ್ತದೆ, ಗ್ವಿದಿಯನ್ ಅದನ್ನು ರೇಷ್ಮೆಯಲ್ಲಿ ಸುತ್ತಿ ಮಂಚದ ಹತ್ತಿರದ ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾನೆ. ಅದೂ ಮಗುವೇ. ಆ ಹುಡುಗನಿಗೆ ನಾನಾಗಿ ಇಡುವ ತನಕ ಹೆಸರೇ ಇರಬಾರದು ಅಂತ ಅರಿಯಾನ್ರೋದ್ ಶಾಪ ಹಾಕುತ್ತಾಳೆ, ಆಮೇಲೆ ಗ್ವಿದಿಯನ್ ಚಪ್ಪಲಿ ಹೊಲಿಯುವವನ ವೇಷ ಹಾಕಿ ಮೋಸದಿಂದ ಅವಳ ಬಾಯಲ್ಲೇ ಹೆಸರು ಹೇಳಿಸಬೇಕಾಯಿತು. ಹೆಸರು ಕೊಡುವ ಹಕ್ಕು ತಾಯಿಯದ್ದು. ನನಗೆ ಡೋನ್ ಸಿಗುವುದು ಇಲ್ಲೇ. ಅವಳು ಬರದಿದ್ದರೂ ಆ ಮನೆ ನಡೆಯುವುದು ತಾಯಿ ಕಡೆಯ ಲೆಕ್ಕದಲ್ಲಿ. ಮಾಥ್ ಪರವಾಗಿ ರಾಜ್ಯ ಸುತ್ತಿ ಬರುವವರೂ ಸೋದರಳಿಯಂದಿರೇ ಅಲ್ವಾ?

ಡೋನ್ ದೇವತೆ ಅಂತ ಆ ಕತೆ ಎಲ್ಲೂ ಹೇಳುವುದಿಲ್ಲ. ಅದು ಪೂರ್ತಿಯಾಗಿ ಸಿಗುವ ಹಳೆಯ ಹಸ್ತಪ್ರತಿ ಸುಮಾರು 1350ರದ್ದು, ಬರೆದವರು ಕ್ರೈಸ್ತರು. ಮೂಲತಾಯಿ ಅನ್ನುವುದು ಜಾಸ್ತಿ ಈಚಿನ ವಿದ್ವಾಂಸರ ಊಹೆ. ಆಕಾಶದಲ್ಲಿ ಮಾತ್ರ ಅವಳಿಗೆ ಜಾಗ ಸಿಕ್ಕಿದೆ. ಕ್ಯಾಸಿಯೋಪಿಯಾ ನಕ್ಷತ್ರಪುಂಜಕ್ಕೆ ವೆಲ್ಷ್‌ನಲ್ಲಿ ಡೋನ್‌ಳ ಆಸ್ಥಾನ ಅನ್ನುವ ಹೆಸರಿದೆ.

ಇನ್ನು ದನು. ಐರ್ಲೆಂಡಿನ ಪುರಾಣದ ದನು, ವೇದದ ದನು, ಡೋನ್ ಮೂವರನ್ನೂ ಒಂದೇ ಬೇರಿಗೆ ಕಟ್ಟಿದವರಿದ್ದಾರೆ, ಒಪ್ಪದವರೂ ಇದ್ದಾರೆ. ಹೆಸರು ಹೋಲುತ್ತದೆ ಅಂತ ನೆಂಟಸ್ತನ ಬೆಳೆಸಲು ನಾನಂತೂ ತಯಾರಿಲ್ಲ.