ಮನೆ ಮಗಳದು, ನೆಲ ಟ್ರಸ್ಟಿನದು. ಹೇಳುವವರು ಕೇಳುವವರು ಯಾರು?

ನೆಲವನ್ನು ಸಂಸ್ಥೆಯೊಂದು ತನ್ನ ಹೆಸರಿನಲ್ಲೇ ಉಳಿಸಿಕೊಂಡು, ಅದರ ಮೇಲಿನ ಮನೆಯನ್ನಷ್ಟೇ ಕಡಿಮೆ ಬೆಲೆಗೆ ಮಾರುವ ಸಮುದಾಯ ಭೂ ಟ್ರಸ್ಟ್ ಪದ್ಧತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿರುವುದು ಒಂದೇ: ಅದನ್ನು ನಡೆಸುವವರು ಯಾರು? ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ನಿನಲ್ಲಿರುವ ನನ್ನ ಮಗಳು ಮತ್ತು ಅಳಿಯ ನೀವು ಬರೆದಂಥದೇ ಒಂದು ಮನೆಯನ್ನು ಕೊಂಡಿದ್ದಾರೆ. ಈಗ ಟ್ರಸ್ಟಿನವರು ಆಡಳಿತ ಮಂಡಳಿಯ ಚುನಾವಣೆಗೆ ನಿಲ್ಲುವಂತೆ ಮಗಳನ್ನೇ ಕೇಳಿದ್ದಾರಂತೆ. ನೆಲದ ಒಡೆಯರು ಗೇಣಿದಾರಳನ್ನು ಕರೆದು ಯಜಮಾನಿಕೆ ಕೊಡುವುದನ್ನು ನಾನಂತೂ ಕಂಡಿಲ್ಲ. ನಾಳೆ ಇವರ ಮನಸ್ಸು ಬದಲಾದರೆ ಅವಳನ್ನು ಹೊರಗೆ ಹಾಕುವುದಿಲ್ಲವೆ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟರೇ, ನಿಮ್ಮ ಆತಂಕದ ಅರ್ಧ ಪಾಲು ‘ಟ್ರಸ್ಟ್’ ಎಂಬ ಪದದಿಂದಲೇ ಬಂದದ್ದು. ನಮ್ಮಲ್ಲಿ ಟ್ರಸ್ಟ್ ಎಂದರೆ ಆಸ್ತಿ ಬರೆದುಕೊಟ್ಟ ಮನೆತನ, ಆ ಮನೆತನದವರೇ ತಲೆತಲಾಂತರಕ್ಕೂ ಧರ್ಮದರ್ಶಿಗಳು, ಅವರಲ್ಲೊಬ್ಬರು ತೀರಿಕೊಂಡರೆ ಅವರ ಮಗ ಎಂಬ ಚಿತ್ರ ಕಣ್ಣ ಮುಂದೆ ಬರುತ್ತದೆ. ಅಮೆರಿಕದ ಸಮುದಾಯ ಭೂ ಟ್ರಸ್ಟುಗಳಲ್ಲಿ ಬಹುಪಾಲು ಕಾನೂನಿನ ಕಣ್ಣಿನಲ್ಲಿ ಟ್ರಸ್ಟುಗಳೇ ಅಲ್ಲ. ಅವು ಲಾಭದ ಉದ್ದೇಶವಿಲ್ಲದ ನಿಗಮಗಳು. ಅವಕ್ಕೆ ಸದಸ್ಯರಿದ್ದಾರೆ, ಆ ಸದಸ್ಯರಿಗೆ ಮತವಿದೆ. ಬಾಡಿಗೆದಾರಳು ಎನ್ನುವುದಕ್ಕಿಂತ ಸದಸ್ಯೆ ಎಂದರೆ ನಿಮ್ಮ ಮಗಳ ಸ್ಥಾನ ಸರಿಯಾಗಿ ಅರ್ಥವಾಗುತ್ತದೆ.

ಬರ್ಲಿಂಗ್ಟನ್ನಿನ ಟ್ರಸ್ಟ್ ಹುಟ್ಟಿದ್ದು 1984ರಲ್ಲಿ, ಬರ್ನಿ ಸ್ಯಾಂಡರ್ಸ್ ಅಲ್ಲಿನ ಮೇಯರ್ ಆಗಿದ್ದಾಗ, ನಗರಾಡಳಿತ ಕೊಟ್ಟ ಎರಡು ಲಕ್ಷ ಡಾಲರ್ ಮೂಲಧನದಿಂದ. ತಮ್ಮ ಆಸ್ತಿಯ ಬೆಲೆ ಬಿದ್ದುಹೋದೀತೆಂದು ಹೆದರಿದ ಮನೆ ಮಾಲೀಕರು ಆಗ ಅದನ್ನು ಜೋರಾಗಿಯೇ ವಿರೋಧಿಸಿದ್ದರು. 2006ರಲ್ಲಿ ಇನ್ನೊಂದು ವಸತಿ ಸಂಸ್ಥೆಯೊಡನೆ ಕೂಡಿಕೊಂಡು ಅದು ಷಾಂಪ್ಲೇನ್ ಹೌಸಿಂಗ್ ಟ್ರಸ್ಟ್ ಆಯಿತು. 2008ರಲ್ಲಿ ವಿಶ್ವ ವಸತಿ ಪ್ರಶಸ್ತಿಯನ್ನೂ ಪಡೆಯಿತು.

ಇಂಥ ಟ್ರಸ್ಟುಗಳ ಆಡಳಿತ ಮಂಡಳಿಯನ್ನು ಸಾಂಪ್ರದಾಯಿಕವಾಗಿ ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಟ್ರಸ್ಟಿನ ನೆಲದ ಮೇಲೆ ವಾಸವಾಗಿರುವವರದು. ಎರಡನೆಯದು ಅದೇ ಊರಿನ, ಆದರೆ ಟ್ರಸ್ಟಿನ ಮನೆಯಲ್ಲಿಲ್ಲದ ಸದಸ್ಯರದು. ಮೂರನೆಯ ಪಾಲಿನಲ್ಲಿ ನಗರಾಡಳಿತದ ಪ್ರತಿನಿಧಿಗಳು, ವಸತಿ, ಹಣಕಾಸು ಇತ್ಯಾದಿ ಬಲ್ಲವರು ಕೂರುತ್ತಾರೆ. 1992ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಸಮುದಾಯ ಭೂ ಟ್ರಸ್ಟ್ ಎಂದರೇನೆಂದು ಕಾನೂನಿನಲ್ಲಿ ವ್ಯಾಖ್ಯಾನಿಸಿದಾಗಲೂ ಈ ಸಮಪಾಲನ್ನೇ ಬರೆದುಕೊಂಡಿತು. ಮಂಡಳಿಯ ಬಹುಮತ ಸದಸ್ಯರಿಂದ ಚುನಾಯಿತವಾಗಿರಬೇಕೆಂದೂ ಹೇಳಿತು.

ಹೀಗೇಕೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಬರ್ಲಿಂಗ್ಟನ್ನಿನ ಪದ್ಧತಿಯಲ್ಲಿ ಮನೆ ಮಾರುವವರಿಗೆ ತಾವು ಹಾಕಿದ ಹಣದ ಜೊತೆಗೆ ಏರಿದ ಬೆಲೆಯಲ್ಲಿ ಶೇಕಡಾ 25ರಷ್ಟು ಸಿಗುತ್ತದೆ. ಮೂರು ಲಕ್ಷ ಡಾಲರಿನ ಮನೆಗೆ ಮೂರು ಲಕ್ಷ ಅರವತ್ತು ಸಾವಿರ ಬೆಲೆ ಬಂತೆಂದರೆ, ಏರಿದ ಅರವತ್ತು ಸಾವಿರದಲ್ಲಿ ಹದಿನೈದು ಸಾವಿರ ಮಾರುವವರಿಗೆ. ಮಿಕ್ಕಿದ್ದು ಮನೆಯಲ್ಲೇ ಉಳಿದು ಮುಂದೆ ಕೊಳ್ಳುವವರ ಹೊರೆಯನ್ನು ಇಳಿಸುತ್ತದೆ. ಮಂಡಳಿಯ ತುಂಬ ಮನೆಯವರೇ ಕೂತರೆ, ಒಂದಲ್ಲ ಒಂದು ಸಂಜೆ ಯಾರಾದರೂ ಆ 25ನ್ನು 75 ಮಾಡೋಣವೆನ್ನುತ್ತಾರೆ; ಮನುಷ್ಯ ಸ್ವಭಾವ, ತಪ್ಪೆನ್ನುವಂತಿಲ್ಲ. ಬರೀ ಹೊರಗಿನವರೇ ಕೂತರೆ ಟ್ರಸ್ಟ್ ಇನ್ನೊಬ್ಬ ಜಮೀನ್ದಾರನಾಗುತ್ತದೆ. ನಿಮ್ಮ ಮಗಳನ್ನು ಕರೆದಿರುವುದು ಆ ಎರಡನೆಯ ಅಪಾಯವನ್ನು ತಡೆಯುವುದಕ್ಕೆ, ಅವಳ ಪಕ್ಕದಲ್ಲಿ ಕೂರುವ ನೆರೆಯವನು ಇರುವುದು ಮೊದಲನೆಯದನ್ನು ತಡೆಯುವುದಕ್ಕೆ.

ಇನ್ನು ಹೊರಗೆ ಹಾಕುವ ಮಾತು. ನಮ್ಮ ಊರುಗಳಲ್ಲಿ ಲೀಸ್ ಎಂದರೆ ಮುಂಗಡ ಕೊಟ್ಟು ಎರಡು ಮೂರು ವರ್ಷ ಇರುವ ಭೋಗ್ಯ. ಅಲ್ಲಿ ನೆಲದ ಗುತ್ತಿಗೆ ಸಾಮಾನ್ಯವಾಗಿ 99 ವರ್ಷದ್ದು, ನವೀಕರಿಸಬಹುದಾದದ್ದು, ಮಕ್ಕಳಿಗೂ ಸಲ್ಲುವಂಥದ್ದು. ಕರಾರು ಮುರಿಯದೆ ಇದ್ದರೆ, ಅಂದರೆ ನೆಲಬಾಡಿಗೆ ಕಟ್ಟುತ್ತ ಆ ಮನೆಯಲ್ಲಿ ತಾವೇ ವಾಸವಾಗಿದ್ದರೆ, ಮಂಡಳಿಯ ಮನಸ್ಸು ಬದಲಾಯಿತೆಂದು ಯಾರನ್ನೂ ಎಬ್ಬಿಸಲು ಬರುವುದಿಲ್ಲ. ಮಗಳು ಚುನಾವಣೆಗೆ ನಿಲ್ಲಲಿ. ಇಂಥ ಮಂಡಳಿಯ ಕೆಲಸಕ್ಕೆ ಸಾಮಾನ್ಯವಾಗಿ ಸಂಬಳವಿರುವುದಿಲ್ಲ, ಸಂಜೆಗಳು ಹೋಗುತ್ತವೆ, ತನ್ನ ಮನೆಗಷ್ಟೇ ಸಂಬಂಧಿಸಿದ ವಿಷಯ ಬಂದಾಗ ಎದ್ದು ಹೊರಗೆ ನಿಲ್ಲಬೇಕಾಗುತ್ತದೆ. ಇಷ್ಟನ್ನು ಮೊದಲೇ ತಿಳಿದಿರಲಿ.

ಪ್ರಶ್ನೆ: ಬೈಲಾ ನಮ್ಮ ಸಹಕಾರ ಸಂಘಗಳಲ್ಲೂ ಇದೆ, ಚುನಾವಣೆಯೂ ಇದೆ. ಬೇಲಿಯೇ ಎದ್ದು ಹೊಲ ಮೇಯುವುದು ಅದರಿಂದ ನಿಂತಿಲ್ಲ. ಆಡಳಿತ ಮಂಡಳಿಯವರೇ ಒಂದಾಗಿ ಟ್ರಸ್ಟಿನ ಭೂಮಿ ಮಾರಿದರೆ ತಡೆಯುವವರು ಯಾರು?
— ಮಾಜಿ ನಿರ್ದೇಶಕರು, ಹುಬ್ಬಳ್ಳಿ

ಉತ್ತರ: ತಮ್ಮ ಕಹಿ ನನಗೆ ಅಪರಿಚಿತವಲ್ಲ. ನಾನೂ ಒಂದು ಕಾಲಕ್ಕೆ ಗೃಹನಿರ್ಮಾಣ ಸಹಕಾರ ಸಂಘವೊಂದರ ನಿರ್ದೇಶಕನಾಗಿದ್ದವನು. ನಿವೇಶನ ಹಂಚಿಕೆಯಾಗುವವರೆಗೆ ಸರ್ವಸದಸ್ಯರ ಸಭೆಗೆ ಕುರ್ಚಿ ಸಾಲುತ್ತಿರಲಿಲ್ಲ. ಹಂಚಿಕೆಯಾದ ಮರುವರ್ಷ ಕೋರಂ ಇಲ್ಲದೆ ಅರ್ಧ ಗಂಟೆ ಕಾದು, ಅದೇ ಜಾಗದಲ್ಲಿ ಸಭೆಯನ್ನು ಮತ್ತೆ ಕರೆದೆವು. ಬಂದಿದ್ದ ಕೆಲವರೂ ಉಪ್ಪಿಟ್ಟು ಕೇಸರಿಬಾತು ಮುಗಿಸಿ, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ, ಲೆಕ್ಕಪತ್ರ ಓದುವುದಕ್ಕೆ ಮುಂಚೆಯೇ ಎದ್ದರು. ಅವರನ್ನು ದೂರುವುದು ಹೇಗೆ? ನಿವೇಶನ ಕೈಗೆ ಬಂದ ಮೇಲೆ ಅವರಿಗೆ ಸಂಘದಿಂದ ಆಗಬೇಕಾದದ್ದು ಏನೂ ಉಳಿದಿರಲಿಲ್ಲ.

ಭೂ ಟ್ರಸ್ಟಿನ ವ್ಯತ್ಯಾಸ ಇರುವುದು ಇಲ್ಲಿ. ನೆಲವನ್ನು ಹಂಚುವುದೇ ಇಲ್ಲವಾದ್ದರಿಂದ ಸದಸ್ಯನ ಹಿತಾಸಕ್ತಿ ಕ್ರಯಪತ್ರದೊಂದಿಗೆ ಮುಗಿಯುವುದಿಲ್ಲ. ನೆಲಬಾಡಿಗೆ ಏರಿದರೆ, ಮನೆ ಮಾರಬೇಕಾಗಿ ಬಂದರೆ, ಅವನು ಆ ಮಂಡಳಿಯ ಮುಖ ನೋಡಲೇಬೇಕು. ಇದರ ಮೇಲೆ ಬೈಲಾದ ಬೀಗವೂ ಇರುತ್ತದೆ. ಮಾದರಿ ಬೈಲಾಗಳ ಪ್ರಕಾರ ಭೂಮಿ ಮಾರುವುದಕ್ಕಾಗಲಿ, ಮರುಮಾರಾಟದ ಸೂತ್ರ ತಿದ್ದುವುದಕ್ಕಾಗಲಿ ಮಂಡಳಿಯ ಸರಳ ಬಹುಮತ ಸಾಲದು. ಮಂಡಳಿಯಲ್ಲೂ ಸದಸ್ಯರಲ್ಲೂ ವಿಶೇಷ ಬಹುಮತ, ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು, ಬೇಕು. ಮೂರು ಬೇರೆ ಬೇರೆ ಕಡೆಯಿಂದ ಬಂದವರು ಒಂದಾಗಿ ಮೇಯಲು ಹೊರಡುವುದು ಅಸಾಧ್ಯವೆಂದು ನಾನು ಹೇಳುವುದಿಲ್ಲ, ಕಷ್ಟ ಎನ್ನುತ್ತೇನೆ.

ಆದರೂ ಬೀಗಕ್ಕಿಂತ ನಾನು ಹೆಚ್ಚು ನಂಬುವುದು, ಪ್ರಶ್ನೆ ಕೇಳುವ ಜನರನ್ನು. ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್ ಪ್ರದೇಶ 1980ರ ದಶಕದಲ್ಲಿ ಬೆಂಕಿ ಬಿದ್ದ ಮನೆಗಳ, ಕಸ ಸುರಿಯುವ ಖಾಲಿ ನಿವೇಶನಗಳ ಜಾಗವಾಗಿತ್ತು. ಅದನ್ನು ಮೇಲೆತ್ತಲು ಒಂದು ದತ್ತಿಸಂಸ್ಥೆಯೂ ಸ್ಥಳೀಯ ಸೇವಾಸಂಸ್ಥೆಗಳೂ ಸೇರಿ, ಒಳ್ಳೆಯ ಮನಸ್ಸಿನಿಂದಲೇ, ಯೋಜನೆಯನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ಸಿದ್ಧಪಡಿಸಿಕೊಂಡು 1985ರ ಆರಂಭದಲ್ಲಿ ಊರಿನ ಸಭೆ ಕರೆದವು. ಪಟ್ಟಿಯಲ್ಲಿ ನಿವಾಸಿಗಳಿಗೆ ಇದ್ದದ್ದು ಬೆರಳೆಣಿಕೆಯ ಸ್ಥಾನ. ಸಭಿಕರು ಎದ್ದು ಕೇಳಿದರು: ವೇದಿಕೆಯ ಮೇಲಿರುವ ತಾವುಗಳು ಎಷ್ಟು ಮಂದಿ ಇಲ್ಲಿ ವಾಸವಾಗಿದ್ದೀರಿ ಎಂದು. ಆ ಪ್ರಶ್ನೆಗೆ ಸಮಾಧಾನಕರ ಉತ್ತರ ಇರಲಿಲ್ಲ. ಪಟ್ಟಿ ಬದಲಾಯಿತು, ನಿವಾಸಿಗಳ ಕೈ ಮೇಲಾಯಿತು. ಅಷ್ಟೇ ಅಲ್ಲ, ಅಲ್ಲಿನ ಕಪ್ಪು, ಲ್ಯಾಟಿನೊ, ಕೇಪ್ ವರ್ಡಿಯನ್ ಮತ್ತು ಬಿಳಿಯ ಸಮುದಾಯಗಳಿಗೆ ಜನಸಂಖ್ಯೆ ಎಷ್ಟೇ ಇರಲಿ ಸಮನಾದ ಸ್ಥಾನಗಳೆಂದು ನಿರ್ಧಾರವಾಯಿತು. ತಲೆ ಎಣಿಸಿ ಸೀಟು ಕೊಡುವ ನಮಗೆ ಇದು ಸ್ವಲ್ಪ ಯೋಚಿಸಬೇಕಾದ ಸಂಗತಿ. ಹೀಗೆ ಗಟ್ಟಿಯಾದ ಸಂಘಟನೆ ತನ್ನದೇ ಭೂ ಟ್ರಸ್ಟ್ ಕಟ್ಟಿತು. 1988ರಲ್ಲಿ ಬಾಸ್ಟನ್ ನಗರದ ಅಭಿವೃದ್ಧಿ ಪ್ರಾಧಿಕಾರ ಅದಕ್ಕೆ ಖಾಲಿ ನಿವೇಶನಗಳ ಭೂಸ್ವಾಧೀನದ ಅಧಿಕಾರವನ್ನೇ ಕೊಟ್ಟಿತು. ನಿವಾಸಿಗಳ ಸಂಘಟನೆಯೊಂದಕ್ಕೆ ಅಂಥ ಅಧಿಕಾರ ಆ ದೇಶದಲ್ಲಿ ಸಿಕ್ಕಿದ್ದು ಅದೇ ಮೊದಲು.

ಪ್ರಶ್ನೆ: ಈ ಕಲ್ಪನೆಗೆ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು ಮೂಲ ಎಂದು ನಮ್ಮ ಅಧ್ಯಾಪಕರು ಹೇಳಿದರು. ನಿಜವೆ? ಹಾಗಿದ್ದರೆ ಗ್ರಾಮದಾನ ಇಲ್ಲಿ ಏಕೆ ಸೊರಗಿತು?
— ಎಂ.ಎ. ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಜ. 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಆರಂಭವಾದ ಭೂದಾನ, ಮರುವರ್ಷವೇ ಉತ್ತರ ಪ್ರದೇಶದ ಮಂಗ್ರೋಠ್ ಎಂಬ ಹಳ್ಳಿಯಲ್ಲಿ ಗ್ರಾಮದಾನವಾಗಿ, ಅಂದರೆ ಊರಿನವರು ತಮ್ಮ ನೆಲವನ್ನು ಇಡೀ ಗ್ರಾಮದ ಒಡೆತನಕ್ಕೆ ಬಿಟ್ಟುಕೊಡುವ ಪದ್ಧತಿಯಾಗಿ, ಬೆಳೆಯಿತು. ನಿಮ್ಮ ಊರಿಗೂ ಇದರಲ್ಲಿ ಪಾಲಿದೆ. ಹುಣಸೂರು ರಸ್ತೆಯ ಇಲವಾಲದಲ್ಲಿ 1957ರ ಸೆಪ್ಟೆಂಬರ್‌ನಲ್ಲಿ ಸರ್ವಪಕ್ಷ ಗ್ರಾಮದಾನ ಸಮ್ಮೇಳನ ನಡೆದಾಗ ವಿನೋಬಾ ಜೊತೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಎಲ್ಲರೂ ಒಂದೇ ಸೂರಿನಡಿ ಕೂತಿದ್ದರು.

ಗ್ರಾಮದಾನದ ವಿಚಾರವನ್ನು ಅಮೆರಿಕದಲ್ಲಿ ಗಂಭೀರವಾಗಿ ತೆಗೆದುಕೊಂಡವರು ರಾಲ್ಫ್ ಬೋರ್ಸೊಡಿ ಮತ್ತು ರಾಬರ್ಟ್ ಸ್ವಾನ್. ಅದೇ ಹೊತ್ತಿಗೆ ಜಾರ್ಜಿಯಾ ರಾಜ್ಯದ ಆಲ್ಬನಿಯಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಕಪ್ಪು ರೈತರನ್ನು ಬಿಳಿಯ ಜಮೀನ್ದಾರರು ಒಕ್ಕಲೆಬ್ಬಿಸುತ್ತಿದ್ದರು. ಹೋರಾಟದ ನಾಯಕರಾದ ಸ್ಲೇಟರ್ ಕಿಂಗ್, ಚಾರ್ಲ್ಸ್ ಶೆರಾಡ್ ಮತ್ತು ಸ್ವಾನ್ ಮೊದಲಾದವರು 1968ರಲ್ಲಿ ಇಸ್ರೇಲಿಗೆ ಹೋಗಿ ಅಲ್ಲಿನ ಗುತ್ತಿಗೆ ಭೂಮಿಯ ಹಳ್ಳಿಗಳನ್ನು ನೋಡಿ ಬಂದು, 1969ರಲ್ಲಿ ನ್ಯೂ ಕಮ್ಯುನಿಟೀಸ್ ಎಂಬ ಭೂ ಟ್ರಸ್ಟ್ ಕಟ್ಟಿದರು. ಮುಂದಾಳುವೆಂದು ಎಲ್ಲರೂ ನಂಬಿದ್ದ ಸ್ಲೇಟರ್ ಕಿಂಗ್ ಅದೇ ವರ್ಷ ಮಾರ್ಚ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಹೊಣೆ ಚಾರ್ಲ್ಸ್ ಮತ್ತು ಅವರ ಪತ್ನಿ ಶರ್ಲಿ ಶೆರಾಡ್ ಮುಂತಾದವರ ಹೆಗಲಿಗೆ ಬಂತು. ಸುಮಾರು 5,700 ಎಕರೆ ಭೂಮಿ, ಅದರ ಮೇಲೆ ದೊಡ್ಡ ಸಾಲ. ಬರ ಬಿದ್ದಾಗ ಬಿಳಿಯ ರೈತರಿಗೆ ಸಿಕ್ಕ ಸರ್ಕಾರಿ ತುರ್ತು ಸಾಲ ಇವರಿಗೆ ಸಕಾಲಕ್ಕೆ ಸಿಗಲಿಲ್ಲ. 1985ರಲ್ಲಿ ಭೂಮಿ ಕೈಬಿಟ್ಟಿತು. ಆ ಸಾಲದ ತಾರತಮ್ಯಕ್ಕೆ 2009ರಲ್ಲಿ ಸುಮಾರು 1.2 ಕೋಟಿ ಡಾಲರ್ ಪರಿಹಾರ ಸಿಕ್ಕಿ, ಅದೇ ಗುಂಪು ಆಲ್ಬನಿಯ ಹತ್ತಿರ ಹಿಂದೊಮ್ಮೆ ಗುಲಾಮರು ದುಡಿದಿದ್ದ 1,600 ಎಕರೆಯಷ್ಟು ತೋಟವನ್ನು ಕೊಂಡಿತು. ನಡುವಿನ ಅಷ್ಟೂ ವರ್ಷ ಒಂದು ಗುಂಟೆ ನೆಲವೂ ಇಲ್ಲದೆ ಆ ಸಂಘಟನೆಯನ್ನು ಉಳಿಸಿಕೊಂಡವರನ್ನು ನಾನು ನಾಯಕರೆಂದು ಒಪ್ಪುತ್ತೇನೆ.

ಗ್ರಾಮದಾನ ಸೊರಗಿದ್ದಕ್ಕೆ ಕಾರಣಗಳು ಹಲವು. ನನ್ನ ಅಭಿಪ್ರಾಯದಲ್ಲಿ ಮುಖ್ಯವಾದದ್ದು, ದಾನಪತ್ರಕ್ಕೆ ಸಹಿ ಹಾಕಿಸಿದವರು ಪಾದಯಾತ್ರೆಯಲ್ಲಿ ಮುಂದಿನ ಹಳ್ಳಿಗೆ ನಡೆದುಬಿಡುತ್ತಿದ್ದರು. ಮರುದಿನದಿಂದ ನೆಲದ ಲೆಕ್ಕ ನೋಡಬೇಕಾದ ಗ್ರಾಮಸಭೆಯಲ್ಲಿ ಕೂರುತ್ತಿದ್ದದ್ದು ಊರಿನ ಹಳೆಯ ಪಟೇಲ, ಶಾನುಭೋಗರಂಥವರೇ. ಒಮ್ಮತ ಬೇಕೆಂಬ ನಿಯಮ ಕೇಳಲು ಇಂಪು. ಆದರೆ ಸಾಲ ಕೊಟ್ಟ ಗೌಡರ ಎದುರು ಕೂಲಿಯವನ ಒಮ್ಮತ ಎಂಥದ್ದಿರುತ್ತದೆ ಎನ್ನುವುದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಭೂ ಟ್ರಸ್ಟಿನವರು ದಾನದ ಭಾಗವನ್ನು ಹಿಂದಕ್ಕಿಟ್ಟು ಕುರ್ಚಿಗಳ ಲೆಕ್ಕವನ್ನು ಮುಂದಕ್ಕೆ ತಂದರು.

ಪ್ರಶ್ನೆ: ಸರ್ಕಾರದವರಿಗೆ ಮಂಡಳಿಯಲ್ಲಿ ಸ್ಥಾನವನ್ನೇ ಕೊಡದಿದ್ದರೆ ಒಳ್ಳೆಯದಲ್ಲವೆ?
— ಓದುಗರು, ದಾವಣಗೆರೆ

ಉತ್ತರ: ಕೊಡದಿದ್ದರೂ ಅವರು ಹೊರಗೇನೂ ಉಳಿಯುವುದಿಲ್ಲ, ರಸ್ತೆ, ನೀರು, ತೆರಿಗೆ ಎಲ್ಲ ಅವರ ಕೈಯಲ್ಲೇ ಇವೆ. ಒಳಗೆ ಕೂರಿಸಿ, ಬಹುಮತ ಮಾತ್ರ ಕೊಡಬಾರದು. ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪದ ಸ್ಯಾನ್ ಹ್ವಾನ್‌ನಲ್ಲಿ ಮಾರ್ಟಿನ್ ಪೆನ್ಯಾ ಕಾಲುವೆಯ ದಂಡೆಯ ಬಡವರು, ಕಾಲುವೆ ಶುಚಿಯಾದ ಮೇಲೆ ನೆಲದ ಬೆಲೆ ಏರಿ ತಾವೇ ಜಾಗ ಖಾಲಿ ಮಾಡಬೇಕಾದೀತೆಂದು, 700ಕ್ಕೂ ಹೆಚ್ಚು ಸಭೆ ಚಟುವಟಿಕೆ ನಡೆಸಿ 2004ರಲ್ಲಿ ಕಾನೂನಿನ ಮೂಲಕವೇ ಭೂ ಟ್ರಸ್ಟ್ ಪಡೆದರು. ಅದರ 11 ಜನರ ಮಂಡಳಿಯಲ್ಲಿ ನಿವಾಸಿಗಳೇ ಹೆಚ್ಚು, ಸರ್ಕಾರದ ಕಡೆಯವರು ಕಡಿಮೆ. 2009ರಲ್ಲಿ ಶಾಸನಸಭೆ ಇನ್ನೊಂದು ಕಾನೂನು ಮಾಡಿ ಆ ಭೂಮಿಯನ್ನು ಕಿತ್ತುಕೊಂಡಿತು. ನಿವಾಸಿಗಳು ಬೀದಿಯಲ್ಲೂ ನ್ಯಾಯಾಲಯದಲ್ಲೂ ಹೋರಾಡಿ 2013ರಲ್ಲಿ ಅದನ್ನು ಮರಳಿ ಪಡೆದರು. ಸರ್ಕಾರದ ಪ್ರತಿನಿಧಿಗಳ ಕುರ್ಚಿಗಳನ್ನು ಆಮೇಲೂ ಅವರು ತೆಗೆದುಹಾಕಲಿಲ್ಲ.