ಹೊಂಚು ಹಾಕಿದವರಿಗೆ ಬಿಟ್ಟಿ ಸುತ್ತು ಬೇಡ

ಗಂಗಾವತಿಯ ಓದುಗರೊಬ್ಬರು ಬರೆಯುತ್ತಾರೆ: ‘ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ (ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಪಾತ್ರದಾಟ) ನಾವು ನಾಲ್ವರು ಬಂಡೆಗಳ ಸಂದಿಯಲ್ಲಿ ಅಡಗಿದ್ದೆವು. ಅಡಗುವುದಕ್ಕೆ ಹಾಕಿದ ದಾಳದ, ಅಂದರೆ ಸ್ಟೆಲ್ತ್ ಅಂಕ 21, 17, 14, 9. ಕೆಳಗೆ ಆರು ದರೋಡೆಕೋರರು, ಜೊತೆಗೆ ಅವರ ನಾಯಕ. ನಮ್ಮ ಬಿಲ್ಲುಗಾರ “ಬಾಣ ಬಿಟ್ಟೆ” ಅಂದ ಕೂಡಲೇ ಆಟ ನಡೆಸುವ ಮಾಸ್ಟರ್ ತಡೆದು ಎಲ್ಲರಿಂದಲೂ ಇನಿಶಿಯೇಟಿವ್ (ಪಾಳಿಯ ಕ್ರಮ ಗೊತ್ತುಮಾಡುವ ದಾಳ) ಹಾಕಿಸಿದರು. ನಾಯಕನಿಗೆ 22, ನಮ್ಮವನಿಗೆ 13. ಬಾಣ ಬಿಡುವ ಮೊದಲೇ ನಾಯಕನ ಪಾಳಿ ಹೇಗೆ ಬರುತ್ತದೆ? ಅಷ್ಟು ಹೊತ್ತು ಅಡಗಿ ಕೂತದ್ದಕ್ಕೆ ಒಂದು ಸುತ್ತಾದರೂ ಬಿಟ್ಟಿ ಸಿಗಬೇಡವೇ? 2024ರ ನಿಯಮವಂತೂ ಹೊಂಚಿಗೆ ಬೆಲೆಯೇ ಇಲ್ಲದಂತೆ ಮಾಡಿದೆ.’

ಮಾನ್ಯರೆ,

ಅಂಕಗಳನ್ನೆಲ್ಲ ಬರೆದು ಕಳಿಸಿದ್ದೀರಿ. ಹೀಗೆ ಬರೆಯುವ ಓದುಗರು ಕಡಿಮೆ, ಅದಕ್ಕೇ ಈ ಪತ್ರ ಆರಿಸಿಕೊಂಡೆ. ಅಡಗಿ ಕೂತ ಶ್ರಮಕ್ಕೆ ಫಲ ಇರಬೇಕು ಅನ್ನುವ ಮಾತು ಒಪ್ಪತಕ್ಕದ್ದೇ. ಆದರೆ ನಿಮ್ಮ ಮಾಸ್ಟರ್ ಮಾಡಿದ್ದು ಸರಿ, ಮತ್ತು ನಿಮ್ಮ ಹೊಂಚು ಬಾಣಕ್ಕೂ ಮೊದಲೇ ಕೆಟ್ಟಿತ್ತು.

ಆ 9 ನೋಡಿ. ಚೈನ್ ಮೇಲ್ ತೊಟ್ಟವರದ್ದೇ ಇರಬೇಕು. ಆ ಕವಚಕ್ಕೆ ಸ್ಟೆಲ್ತ್‌ನಲ್ಲಿ ಎರಡು ದಾಳ ಹಾಕಿ ಕಡಿಮೆ ಬಿದ್ದದ್ದನ್ನು ಹಿಡಿಯಬೇಕು. 2024ರದ್ದಕ್ಕೂ ಹಿಂದಿನ 2014ರ ನಿಯಮ ಪುಸ್ತಕದಲ್ಲಿ ಸಾಮಾನ್ಯ ದರೋಡೆಕೋರನ ಪ್ಯಾಸಿವ್ ಪರ್ಸೆಪ್ಷನ್ (ದಾಳ ಹಾಕದೆಯೇ ಗಮನಿಸುವ ಶಕ್ತಿಯ ಅಂಕ) 10, ನಾಯಕನದ್ದೂ 10. ಅದಕ್ಕಿಂತ ಕಡಿಮೆ ಸ್ಟೆಲ್ತ್ ಬಿದ್ದವನು ಕಾಣುತ್ತಾನೆ, ಅಂದರೆ ಏಳೂ ಜನಕ್ಕೆ ನಿಮ್ಮಲ್ಲೊಬ್ಬ ಕಂಡಿದ್ದಾನೆ. ಯಾವ ಅಪಾಯವನ್ನೂ ಗಮನಿಸದವನು ಮಾತ್ರ ಸರ್‌ಪ್ರೈಸ್ ಆಗುತ್ತಾನೆ ಎಂಬುದು ಆ ನಿಯಮ. ಒಬ್ಬನನ್ನು ಕಂಡರೂ ಸಾಕು, ಮಿಕ್ಕ ಮೂವರು ಎಷ್ಟೇ ಚೆನ್ನಾಗಿ ಅಡಗಿದ್ದರೂ ಅವನು ಎಚ್ಚರ. ಇದು ಕಠಿಣ ಅನ್ನಿಸಿದರೆ ದಾಳ ಹಾಕುವ ಮೊದಲೇ ಗ್ರೂಪ್ ಚೆಕ್ ಕೇಳಿ: ಅರ್ಧದಷ್ಟು ಜನ ಗೆದ್ದರೆ ಗುಂಪೇ ಗೆದ್ದಂತೆ. ನಿಮ್ಮಲ್ಲಿ ಮೂವರು ಗೆಲ್ಲುತ್ತಿದ್ದರು. ಅಂಕ ನೋಡಿದ ಮೇಲೆ ಕೇಳಿದರೆ ಯಾವ ಮಾಸ್ಟರೂ ಕೊಡಬಾರದು.

ಈಗ ಕ್ರಮಕ್ಕೆ ಬರೋಣ. ‘ಬಾಣ ಬಿಟ್ಟೆ’ ಅನ್ನುವುದು ಉದ್ದೇಶ ಮಾತ್ರ. ಆ ಮಾತು ಬಂದ ಕ್ಷಣ ಆಟ ನಿಲ್ಲಬೇಕು. ಯಾರಿಗೆ ಗೊತ್ತಾಗಿದೆ, ಯಾರಿಗಿಲ್ಲ ಎಂದು ಒಬ್ಬೊಬ್ಬರದ್ದೂ ತೀರ್ಮಾನಿಸಬೇಕು. ಆಮೇಲೆ ಎಲ್ಲರೂ ಇನಿಶಿಯೇಟಿವ್ ಹಾಕಬೇಕು. ಬಿಲ್ಲುಗಾರನ ಪಾಳಿ ಬಂದಾಗಲೇ ಬಾಣ ಹಾರುವುದು. ಇದನ್ನು ತಿರುವುಮುರುವು ಮಾಡಿದರೆ ಏನಾಗುತ್ತದೆ? ಅವನು ಬಿಟ್ಟಿ ಬಾಣ ಬಿಟ್ಟು, ಇನಿಶಿಯೇಟಿವ್‌ನಲ್ಲೂ ಮೇಲೆ ಬಂದು, ಮತ್ತೊಂದು ಬಿಡುತ್ತಾನೆ. ಅವನಷ್ಟೇ ಚೆನ್ನಾಗಿ ಅಡಗಿದ್ದ ಉಳಿದವರಿಗೆ ಒಂದೇ ಪಾಳಿ, ಅದೂ ಹೊಂಚು ಬಯಲಾದ ಮೇಲೆ.

ನಾಯಕನ 22ರ ವಿಷಯ. ಅವನು ನಿಜಕ್ಕೂ ಸರ್‌ಪ್ರೈಸ್ ಆಗಿದ್ದಿದ್ದರೆ, 2014ರ ನಿಯಮದಲ್ಲಿ ಅವನ ಮೊದಲ ಪಾಳಿ ಬಂದು ಸುಮ್ಮನೆ ಹೋಗುತ್ತದೆ: ನಡೆಯುವಂತಿಲ್ಲ, ಹೊಡೆಯುವಂತಿಲ್ಲ. ಆದರೆ ಆ ಪಾಳಿ ಮುಗಿದೊಡನೆ ರಿಯಾಕ್ಷನ್ (ಬೇರೆಯವರ ಪಾಳಿಯಲ್ಲೂ ಮಾಡಬಹುದಾದ ಮರುಕ್ರಿಯೆ) ವಾಪಸ್ ಬರುತ್ತದೆ. ಅವನ ಬಳಿ ಇರುವ ಪ್ಯಾರಿ, ಅಂದರೆ ಹೊಡೆತ ತಡೆಯುವ ರಿಯಾಕ್ಷನ್, ಕೈಗೆ ಸಿಕ್ಕವರ ಹೊಡೆತಕ್ಕೆ ಮಾತ್ರ, ಬಾಣಕ್ಕಲ್ಲ. ಬಂಡೆಯಿಂದ ಹಾರಿ ಕತ್ತಿ ಬೀಸುವವರು ಇದನ್ನು ಲೆಕ್ಕ ಹಾಕಿಕೊಂಡೇ ಹಾರಬೇಕು. ನಿಮ್ಮ ಬಿಲ್ಲುಗಾರ ಅಸಾಸಿನ್ (ಹೊಂಚು ಹಾಕಿ ಕೊಲ್ಲುವ ಪಾತ್ರ) ಆಗಿದ್ದರೆ ನಷ್ಟ ಇನ್ನೂ ದೊಡ್ಡದು. ನಾಯಕನ ಪಾಳಿ ದಾಟಿತೆಂದರೆ ಸರ್‌ಪ್ರೈಸ್ ತೀರಿತು, ತಾನಾಗಿ ಸಿಗುವ ಕ್ರಿಟಿಕಲ್ (ಹೆಚ್ಚಿನ ಪೆಟ್ಟು) ಇಲ್ಲ.

2024ರ ನಿಯಮದಲ್ಲಿ ಹೊಂಚಿಗೆ ಬೆಲೆಯಿಲ್ಲ ಅಂದಿರಿ, ಅದು ದುಡುಕಿನ ಮಾತು. ಈಗ ಸರ್‌ಪ್ರೈಸ್ ಆದವನು ಇನಿಶಿಯೇಟಿವ್‌ಗೆ ಎರಡು ದಾಳ ಹಾಕಿ ಕಡಿಮೆಯದನ್ನು ಹಿಡಿಯುತ್ತಾನೆ. ಸರಿಯಾಗಿ ಅಡಗಿದವನು ಎರಡು ಹಾಕಿ ಹೆಚ್ಚಿನದನ್ನು. ಇಪ್ಪತ್ತು ಮುಖದ ದಾಳದಲ್ಲಿ ಸರಾಸರಿ ಸುಮಾರು 7.2 ಒಂದು ಕಡೆ, 13.8 ಇನ್ನೊಂದು ಕಡೆ. ಆರೂವರೆ ಅಂಕದ ಅಂತರ ಸಣ್ಣದೇ? ಇಷ್ಟಾಗಿಯೂ ನಾಯಕ ಮೊದಲು ಬಂದರೆ ಅವನು ನೇರ ಬಂದು ಹೊಡೆಯಲಾರ, ನೀವು ಎಲ್ಲಿದ್ದೀರಿ ಎಂದೇ ಅವನಿಗೆ ಗೊತ್ತಿಲ್ಲ. ಹುಡುಕಬೇಕೆಂದರೆ ಸರ್ಚ್ ಆಕ್ಷನ್ ಖರ್ಚಾಗುತ್ತದೆ, ಅದೂ ನಿಮ್ಮ ಸ್ಟೆಲ್ತ್ ಅಂಕವನ್ನು ಮುಟ್ಟಬೇಕು. ಬಂಡೆ ಮೇಲಿಂದ ಹಕ್ಕಿ ಗುಂಪು ಎದ್ದಿತು, ಅವನು ತಲೆ ಎತ್ತಿದ, ಕೂಗಿದ, ಮರೆಗೆ ಸರಿದ. ಒಳ್ಳೆಯ ಮಾಸ್ಟರ್‌ಗೆ ಇಂಥ ಪಾಳಿ ಚಿನ್ನ.

ಬಿಟ್ಟಿ ಸುತ್ತು ಕೇಳುವವರು ಅದನ್ನು ಎದುರಾಳಿಗೂ ಕೊಟ್ಟು ನೋಡಲಿ. ಆರು ದರೋಡೆಕೋರರ ಕೈಯಲ್ಲಿ ಲೈಟ್ ಕ್ರಾಸ್‌ಬೋ: ಗುರಿ ಹೊಡೆಯುವ ದಾಳಕ್ಕೆ +3, ಪೆಟ್ಟು ಸರಾಸರಿ 5.5. ನಿಮ್ಮೆಲ್ಲರ ಆರ್ಮರ್ ಕ್ಲಾಸ್ (ಪೆಟ್ಟು ತಾಗಲು ಮುಟ್ಟಬೇಕಾದ ಅಂಕ) 13 ಅಂದುಕೊಂಡರೆ ನೂರಕ್ಕೆ 55 ಬಾಣ ತಾಗುತ್ತವೆ. ಬಿಟ್ಟಿ ಸುತ್ತು ಒಂದು, ಇನಿಶಿಯೇಟಿವ್ ಗೆದ್ದರೆ ಇನ್ನೊಂದು: ನೀವು ಕದಲುವ ಮೊದಲೇ 12 ಬಾಣ, ಸುಮಾರು 36 ಹಿಟ್ ಪಾಯಿಂಟ್ (ಜೀವದ ಅಂಕ) ನಷ್ಟ. ಆಟ ಶುರುಮಾಡುವ ಒಂದನೇ ಲೆವೆಲ್ಲಿನ ಪಾತ್ರಗಳಾದ ಫೈಟರ್, ಕ್ಲೆರಿಕ್, ರೋಗ್, ವಿಜ಼ರ್ಡ್ ನಾಲ್ವರದ್ದೂ ಕೂಡಿಸಿದರೆ 40ರ ಆಸುಪಾಸು. ಅಡಗಿ ಹೊಡೆಯುವವರಿಗೆ ಸಿಗುವ ಅಡ್ವಾಂಟೇಜನ್ನು (ಎರಡು ದಾಳ ಹಾಕಿ ಹೆಚ್ಚಿನದನ್ನು ಹಿಡಿಯುವುದು) ಇದರಲ್ಲಿ ಹಿಡಿದೇ ಇಲ್ಲ.

ಹಳೆಯ ಪುಸ್ತಕಗಳಲ್ಲಿ ಬಿಟ್ಟಿ ಸುತ್ತು ಇತ್ತಲ್ಲ ಎಂದು ವಾದಿಸುವವರಿದ್ದಾರೆ. 1974ರ ಮೊದಲ ಆವೃತ್ತಿಯಲ್ಲಿ ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ಸರ್‌ಪ್ರೈಸ್ ಎಂದಿತ್ತು, ನಿಜ. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಸರ್‌ಪ್ರೈಸ್ ರೌಂಡ್ ಎಂಬುದೇ ಇತ್ತು. ಅಲ್ಲೂ ಎಚ್ಚರ ಇದ್ದವರು ಮೊದಲು ಇನಿಶಿಯೇಟಿವ್ ಹಾಕಬೇಕಿತ್ತು, ಸಿಗುತ್ತಿದ್ದದ್ದೂ ಪೂರ್ತಿ ಪಾಳಿಯಲ್ಲ. ಇವತ್ತು ಮೇಜಿನ ಸುತ್ತ ಜನ ‘ಸರ್‌ಪ್ರೈಸ್ ರೌಂಡ್’ ಅಂತ ಕೇಳುವುದು ಆ ಪುಸ್ತಕಕ್ಕಿಂತಲೂ ಉದಾರವಾದದ್ದು. ಇದೇ ಬಗೆಯ ಇನ್ನೊಂದು ಆಟ ಪಾಥ್‌ಫೈಂಡರ್‌ನ 2019ರ ಎರಡನೇ ಆವೃತ್ತಿಯವರು ಅದನ್ನು ಪೂರ್ತಿ ತೆಗೆದೇ ಹಾಕಿದರು: ನುಸುಳುವವನು ಸ್ಟೆಲ್ತನ್ನೇ, ಕಾವಲಿನವನು ಪರ್ಸೆಪ್ಷನನ್ನೇ ಇನಿಶಿಯೇಟಿವ್ ಆಗಿ ಹಾಕುತ್ತಾನೆ. ನನಗೆ ಇದಕ್ಕಿಂತ ಚೊಕ್ಕ ನಿಯಮ ಕಂಡಿಲ್ಲ.

ಹೊಂಚಿನ ನಿಜವಾದ ಬೆಲೆ ಇರುವುದು ದೂರದಲ್ಲಿ, ಇದನ್ನು ನಮ್ಮ ಭಾಗದವರಿಗೆ ಹೇಳಿಕೊಡಬೇಕಿಲ್ಲ. ಆನೆಗುಂದಿಯಂಥ ಗುಂಡುಗಲ್ಲಿನ ಬೆಟ್ಟದಲ್ಲಿ ಮೂವತ್ತು ಅಡಿ ಹತ್ತಿರ ಬರುವವರೆಗೂ ಆಳು ಕಾಣುವುದಿಲ್ಲ; ಮೂವತ್ತು ಅಡಿ ಅಂದರೆ ಒಂದೇ ಪಾಳಿಯ ನಡಿಗೆ. ಸಿಂಧನೂರು ಕಡೆಯ ಗದ್ದೆ ಬಯಲಲ್ಲಿ ಅದೇ ಜಗಳ ಇನ್ನೂರು ಅಡಿಯಿಂದ ಶುರುವಾಗುತ್ತದೆ. ಅಲ್ಲಿ ಕತ್ತಿಯವನಿಗೆ ಇನಿಶಿಯೇಟಿವ್ ಗೆದ್ದೂ ಲಾಭವಿಲ್ಲ. 1520ರ ರಾಯಚೂರು ಯುದ್ಧದಲ್ಲಿ ಆದಿಲ್‌ಶಾಹಿ ತೋಪುಗಳ ಮೊದಲ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಹಿಂದೆ ಸರಿದಿತ್ತು; ಗೆದ್ದವನು ಕೃಷ್ಣದೇವರಾಯ. ಮೊದಲ ಪೆಟ್ಟೇ ಸರ್ವಸ್ವ ಎಂದು ನಂಬಿದ ಮಾಸ್ಟರ್‌ಗಳು ನೆಲದ ನಕ್ಷೆ ಬರೆಯುವುದನ್ನೇ ಬಿಟ್ಟಿದ್ದಾರೆ.

ಇನ್ನೊಂದು ಮಾತು ಹೇಳದೆ ಬಿಡಲಾರೆ. ಬಿಟ್ಟಿ ಬಾಣ ಯಾರಿಗೆ ಸಿಗುತ್ತದೆ ನೋಡಿ: ಮೊದಲು ಕೂಗಿದವರಿಗೆ. ಮೇಜಿನ ಮೂಲೆಯಲ್ಲಿ ತನ್ನ ಹಾಳೆ ನೋಡುತ್ತ ಕೂತ ಹುಡುಗಿಗೆ, ಮೊನ್ನೆಯಷ್ಟೇ ಆಟಕ್ಕೆ ಬಂದವರಿಗೆ ಯಾವತ್ತೂ ಸಿಗುವುದಿಲ್ಲ. ಪಾಳಿಯ ನಿಯಮ ಇರುವುದು ಇವರಿಗಾಗಿ. ಅದನ್ನು ಪುಸ್ತಕ ತೆರೆದು ಓದದೆ, ಅರ್ಧ ನಿಮಿಷದ ವಿಡಿಯೊ ನೋಡಿ ಕಲಿತವರೇ ಹೆಚ್ಚಾಗಿದ್ದಾರೆ. ಇಂಗ್ಲಿಷ್ ಪುಸ್ತಕ ಓದಬಲ್ಲವನೊಬ್ಬ ಹೇಳಿದ್ದೇ ಮೇಜಿನ ಕಾನೂನು, ಉಳಿದ ನಾಲ್ವರಿಗೆ ತಿರುಗಿ ಕೇಳುವ ದಾರಿ ಇಲ್ಲ. ಹೊಡೆದಾಟದ ನಿಯಮಗಳನ್ನು ನಾಲ್ಕು ಪುಟ ಕನ್ನಡದಲ್ಲಿ ಬರೆದು ಮೇಜಿನ ಮೇಲಿಟ್ಟರೆ ಈ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ. ನಿಮ್ಮ ಪತ್ರ ನೋಡಿದರೆ ಆ ಕೆಲಸ ನಿಮ್ಮಿಂದ ಆಗುತ್ತದೆ. ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.

ಅಲ್ಲಿಯವರೆಗೆ ಪ್ರತಿಯೊಬ್ಬರ ಹೆಸರನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಮಡಚಿ, ಮಾಸ್ಟರ್‌ನ ಸ್ಕ್ರೀನ್ (ಮುಂದಿಟ್ಟುಕೊಳ್ಳುವ ಮರೆ ಹಲಗೆ) ಮೇಲೆ ಇನಿಶಿಯೇಟಿವ್ ಕ್ರಮದಲ್ಲಿ ಸಿಕ್ಕಿಸಿ. ದರೋಡೆಕೋರರಿಗೆಲ್ಲ ಸೇರಿ ಒಂದೇ ಚೀಟಿ, ನಾಯಕನಿಗೆ ಬೇರೆ. ಸರ್‌ಪ್ರೈಸ್ ಆದವರ ಚೀಟಿ ಅಡ್ಡ ಇರಲಿ. ಅವರ ಮೊದಲ ಪಾಳಿ ಮುಗಿದ ಮೇಲೆ ನೆಟ್ಟಗೆ ಮಾಡಿ.

— ಸಂ.