ಬಾಟಲಿಯಲ್ಲಿ 521, ಕಂಪ್ಯೂಟರಿನಲ್ಲಿ 295: ತಪ್ಪು ಎಲ್ಲಿದೆ?

ಪ್ರಶ್ನೆ: ನಾನು ಭೌತವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ಲ್ಯಾಬಿನಲ್ಲಿ 20 ನ್ಯಾನೊಮೀಟರ್ ದಪ್ಪದ ಚಿನ್ನದ ಕಣಗಳನ್ನು ನೀರಿನಲ್ಲಿ ತಯಾರಿಸಿದೆವು. ಬಣ್ಣ ಕೆಂಪು, ಹೀರಿಕೆಯ ಪೀಕ್ 521 ನ್ಯಾನೊಮೀಟರಿನಲ್ಲಿ. ಅದೇ ಕಣಕ್ಕೆ ಡ್ರೂಡೆ ಮಾದರಿ (ಲೋಹದ ಎಲೆಕ್ಟ್ರಾನುಗಳು ಬೆಳಕಿಗೆ ಹೇಗೆ ಸ್ಪಂದಿಸುತ್ತವೆ ಎಂದು ಹೇಳುವ ಸರಳ ಸೂತ್ರ) ಹಾಕಿ ಸಿಮ್ಯುಲೇಶನ್ ಮಾಡಿದರೆ ಪೀಕ್ 295ರಲ್ಲಿ ಬರುತ್ತಿದೆ. ಮೆಶ್, ಅಂದರೆ ಲೆಕ್ಕಕ್ಕಾಗಿ ಜಾಗವನ್ನು ಕತ್ತರಿಸುವ ಚೌಕಗಳ ಜಾಲ, ಇನ್ನೂ ಸಣ್ಣದು ಮಾಡಬೇಕೇ?

ಉತ್ತರ: ಮೆಶ್ ಸದ್ಯಕ್ಕೆ ಮುಟ್ಟಬೇಡಿ. ನಿಮ್ಮ ಕೋಡ್ ಬಹುಶಃ ಸರಿಯಾಗೇ ಇದೆ. ನೀವು ಅದಕ್ಕೆ ಕೊಟ್ಟ ಚಿನ್ನ ಸರಿಯಿಲ್ಲ!

ಒಂದು ಹಾಳೆ ತಗೊಂಡು ಲೆಕ್ಕ ಹಾಕಿ ನೋಡಿ. ಪರ್ಮಿಟಿವಿಟಿ ಅಂದರೆ ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಂಕಿ; ಅದಕ್ಕೆ ವಾಸ್ತವ ಭಾಗ ಮತ್ತು ಹೀರಿಕೆಯನ್ನು ಹೇಳುವ ಕಾಲ್ಪನಿಕ ಭಾಗ ಎಂದು ಎರಡಿವೆ. ಸಣ್ಣ ಗೋಳದಲ್ಲಿ ಪೀಕ್ ಬರುವುದು ಲೋಹದ ಪರ್ಮಿಟಿವಿಟಿಯ ವಾಸ್ತವ ಭಾಗ ಸುತ್ತಲಿನ ದ್ರವದ ಪರ್ಮಿಟಿವಿಟಿಯ ಮೈನಸ್ ಎರಡರಷ್ಟಾದಾಗ. ನೀರಿಗೆ ಅದು 1.77, ಅಂದರೆ ನಮಗೆ ಬೇಕಾದ್ದು ಮೈನಸ್ 3.54. ಪ್ಲಾಸ್ಮಾ ಶಕ್ತಿ 9 ಎಲೆಕ್ಟ್ರಾನ್ ವೋಲ್ಟ್ ಎಂದಿಟ್ಟುಕೊಂಡು ಬರೀ ಡ್ರೂಡೆ ಸೂತ್ರ (1ರಿಂದ, ಪ್ಲಾಸ್ಮಾ ಶಕ್ತಿಯ ವರ್ಗವನ್ನು ಬೆಳಕಿನ ಶಕ್ತಿಯ ವರ್ಗದಿಂದ ಭಾಗಿಸಿ ಕಳೆಯುವುದು) ಹಾಕಿದರೆ ಉತ್ತರ 4.2 ಎಲೆಕ್ಟ್ರಾನ್ ವೋಲ್ಟ್, ಅಂದರೆ 295ರ ಹತ್ತಿರ. ನಿಮ್ಮ ಕಂಪ್ಯೂಟರ್ ಹೇಳಿದ್ದೂ ಇದನ್ನೇ ಅಲ್ವಾ?

ಡ್ರೂಡೆ ಲೆಕ್ಕಕ್ಕೆ ಹಿಡಿಯುವುದು ಸ್ವತಂತ್ರವಾಗಿ ಓಡಾಡುವ ಎಲೆಕ್ಟ್ರಾನುಗಳನ್ನು ಮಾತ್ರ. ಚಿನ್ನದಲ್ಲಿ ಒಳಗಿನ ಡಿ ಪಟ್ಟಿಯ ಎಲೆಕ್ಟ್ರಾನುಗಳೂ ಸುಮ್ನೆ ಕೂತಿರುವುದಿಲ್ಲ. ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್‌ನಿಂದಾಚೆ ಅವು ಬೆಳಕನ್ನು ಹೀರಿ ಮೇಲಕ್ಕೆ ಜಿಗಿಯುತ್ತವೆ. ನೀಲಿ ಬೆಳಕು ಹೀಗೆ ಒಳಗೇ ಉಳಿಯುವುದರಿಂದಲೇ ನಿಮ್ಮ ಬಳೆ ಹಳದಿ. ಬೆಳ್ಳಿಯಲ್ಲಿ ಈ ಜಿಗಿತ ಶುರುವಾಗುವುದು ಅತಿನೇರಳೆಯಲ್ಲಿ, ಅದಕ್ಕೇ ಅದು ಬಿಳಿ.

ಸೂತ್ರದ ಮೊದಲ ಅಂಕಿ 1ರ ಬದಲು 9.5 ಹಾಕಿದರೆ ಪೀಕ್ 500ರ ಹತ್ತಿರಕ್ಕೆ ಬರುತ್ತದೆ. ಆದರೆ ಡಿ ಎಲೆಕ್ಟ್ರಾನುಗಳ ಹೀರಿಕೆ ಅದರಲ್ಲಿ ಇರುವುದಿಲ್ಲ, ಹಾಗಾಗಿ ಪೀಕ್ ಸೂಜಿಯ ಹಾಗೆ ಚೂಪಾಗುತ್ತದೆ. ನನ್ನ ಮಟ್ಟಿಗೆ ಇದು ತೇಪೆ ಕೆಲಸ. ಚಿನ್ನದ ಮೇಲೆ ಅಳೆದ ಅಂಕಿಗಳನ್ನೇ ಬಳಸಿ. 1972ರಲ್ಲಿ ಜಾನ್ಸನ್ ಮತ್ತು ಕ್ರಿಸ್ಟಿ ಪ್ರಕಟಿಸಿದ ಕೋಷ್ಟಕವನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಅದರಲ್ಲಿ 496ಕ್ಕೆ ವಾಸ್ತವ ಭಾಗ ಮೈನಸ್ 2.3, 521ಕ್ಕೆ ಮೈನಸ್ 3.9. ನಿಮಗೆ ಬೇಕಾದ ಮೈನಸ್ 3.54 ಇವೆರಡರ ನಡುವೆಯೇ ಇದೆ. ಒಂದು ಎಚ್ಚರ: ಈ ಜಾಗದಲ್ಲಿ ಬಿಂದುಗಳ ನಡುವೆ ಸುಮಾರು 25 ನ್ಯಾನೊಮೀಟರ್ ಅಂತರವಿದೆ. ನೇರ ಗೆರೆ ಎಳೆದರೆ ಪೀಕ್ ಮೂಲೆಮೂಲೆಯಾಗಿ ಕಾಣುತ್ತದೆ, ಸ್ಪ್ಲೈನ್ (ಬಿಂದುಗಳನ್ನು ಜೋಡಿಸುವ ನಯವಾದ ವಕ್ರರೇಖೆ) ಹಾಕಿ. ಕಾಲ್ಪನಿಕ ಭಾಗದ ಚಿಹ್ನೆಯನ್ನೂ ನೋಡಿಕೊಳ್ಳಿ. ಅದು ಉಲ್ಟಾ ಆದರೆ ಕಣ ಬೆಳಕನ್ನು ಹೀರುವ ಬದಲು ಹುಟ್ಟಿಸತೊಡಗುತ್ತದೆ. ನಾನೂ ಒಮ್ಮೆ ಹೀಗೆ ಒಂದಿಡೀ ವಾರ ಕಳೆದಿದ್ದೇನೆ.

ಇನ್ನು, ಗೋಳಕ್ಕೆ ಮೆಶ್ ಯಾಕೆ? ಜರ್ಮನ್ ಭೌತವಿಜ್ಞಾನಿ ಗುಸ್ತಾವ್ ಮೀ 1908ರಲ್ಲೇ ಇದೇ ಚಿನ್ನದ ದ್ರಾವಣದ ಬಣ್ಣಕ್ಕಾಗಿ ಪೂರ್ತಿ ಪರಿಹಾರ ಬರೆದಿಟ್ಟಿದ್ದಾರೆ. ಪೈಥಾನ್‌ನಲ್ಲಿ ಕೆಲವೇ ಸಾಲು, ಕ್ಷಣದಲ್ಲಿ ಉತ್ತರ. ಕಡ್ಡಿ, ತ್ರಿಕೋನದಂಥ ಆಕಾರ ಬಂದಾಗ ಎಫ್‌ಡಿಟಿಡಿ ಅಥವಾ ಡಿಡಿಎ (ಆಕಾರವನ್ನು ಸಣ್ಣ ತುಂಡುಗಳಾಗಿ ಮಾಡಿ ಲೆಕ್ಕ ಹಾಕುವ ವಿಧಾನಗಳು) ಬೇಕು. ಅಲ್ಲಿಗೆ ಹೋಗುವ ಮೊದಲು ಅದೇ ಕೋಡಿನಲ್ಲಿ ಗೋಳ ಇಟ್ಟು ಮೀ ಉತ್ತರಕ್ಕೆ ಹೋಲಿಸಿ. ಮೆಶ್ ಮಾತು ಬರುವುದು ಆಗ. 2 ನ್ಯಾನೊಮೀಟರ್ ಚೌಕಗಳಲ್ಲಿ ನಿಮ್ಮ ಗೋಳ ಬರೀ ಹತ್ತು ಚೌಕ ಅಗಲ, ಅಂಚೆಲ್ಲ ಮೆಟ್ಟಿಲು. 1, ಆಮೇಲೆ 0.5 ಮಾಡಿ, ಪೀಕ್ ಅಲುಗಾಡುವುದು ನಿಂತರೆ ಸಾಕು.

ಇಷ್ಟಾದ ಮೇಲೂ ಲ್ಯಾಬಿನ ಪೀಕ್ ಸ್ವಲ್ಪ ಜಾಸ್ತಿ ಅಗಲ ಇರುತ್ತದೆ. ಬಾಟಲಿಯಲ್ಲಿ ಎಲ್ಲ ಕಣಗಳೂ 20 ಇರುವುದಿಲ್ಲವಲ್ಲ!